ಹಿನ್ನೀರಿನಲ್ಲಿ ಉಳಿದ ಮೂವತ್ತೊಂದನೆಯದು

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ಮಾಸ್ತಮ್ಮ ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿಕೊಂಡು ಹಿನ್ನೀರಿಗೆ ಇಳಿಯುತ್ತಾರೆ. ಕೈಯಲ್ಲಿ ಒಂದು ಬಿದಿರಿನ ಗಳ. ಅದರ ಮೈಮೇಲೆ ಕತ್ತಿಯಿಂದ ಕಚ್ಚು ಹಾಕಿದ ಗುರುತುಗಳು, ದಿನಕ್ಕೊಂದು. ಸೊಂಟದ ತನಕ ನೀರಿರುವ ಜಾಗಕ್ಕೆ ಹೋಗಿ ಗಳವನ್ನು ಊರಿ ನಿಲ್ಲಿಸುತ್ತಾರೆ. ನಿನ್ನೆಯ ಕಚ್ಚಿಗೂ ಇವತ್ತಿನ ನೀರಿಗೂ ನಡುವೆ ಬೆರಳು ಜೋಡಿಸಿ ಅಳೆಯುತ್ತಾರೆ.

"ನಾಲ್ಕು ಬೆರಳು," ಎಂದು ದಡದ ಕಡೆ ಕೂಗಿ ಹೇಳುತ್ತಾರೆ.

ದಡದಲ್ಲಿ ತೆಪ್ಪದ ಒಳಗೆ ಕೂತು ಬಲೆ ಬಿಡಿಸುತ್ತಿರುವ ಗಂಡ ಹುಲಿಯಪ್ಪ ತಲೆ ಎತ್ತುವುದಿಲ್ಲ. "ನಾಲ್ಕೇಯಾ? ನಿನ್ನೆ ಐದಿತ್ತಲ್ಲ."

"ನಿನ್ನೆ ಸೆಕೆ ಜಾಸ್ತಿ ಇತ್ತು. ಪೇಟೆ ಜನ ಫ್ಯಾನ್ ಹಾಕ್ಕೊಂಡು ಕೂತಿದ್ರು. ಇವತ್ತೂ ಹಾಕ್ಲಿ ಅಂತ ಬೇಡ್ಕೋಬೇಕು."

ತಮಾಷೆಗೆ ಹೇಳಿದರೂ ಮಾತಿನಲ್ಲಿ ಸತ್ಯವಿದೆ. ಕಾರ್ಗಲ್ ಕಡೆ ಅಣೆಕಟ್ಟಿನಿಂದ ಕರೆಂಟಿಗೆ ನೀರು ಬಿಟ್ಟಷ್ಟೂ ಇಲ್ಲಿ ನೆಲ ಕಾಣುತ್ತದೆ. ಮಾಸ್ತಮ್ಮನಿಗೆ ನೀರು ಇಳಿಯಬೇಕು. ಸೊಂಟದಿಂದ ಮೊಣಕಾಲಿಗೆ ಬರಬೇಕು. ದಿನಕ್ಕೆ ನಾಲ್ಕು ಬೆರಳಿನ ಲೆಕ್ಕದಲ್ಲಿ ಇನ್ನು ಆರು ದಿನ. ಆದರೆ ಇದು ಮೇ ತಿಂಗಳ ಕೊನೆಯ ವಾರ. ಪಡುವಣ ದಿಕ್ಕಿನಲ್ಲಿ ಮೋಡ ಕಟ್ಟಿ ನಿಂತಿದೆ. ಮೊದಲ ಮಳೆಗೆ ಹಳ್ಳ ಕೆಂಪು ನೀರು ತಂದು ಸುರಿದರೆ ತಳ ಕಾಣುವುದಿಲ್ಲ. ಮತ್ತೆ ಒಂದು ವರ್ಷ ಕಾಯಬೇಕು. ಹಾಗೆ ಕಾಯಲು ಈ ಸಲ ಅವರಿಗೆ ಅವಕಾಶವಿಲ್ಲ.

ಆ ನೀರಿನ ಅಡಿಯಲ್ಲಿ ಒಂದು ಕಮೋಡು ಇದೆ. ಮಳೆಗಾಲಕ್ಕೆ ಮುಂಚೆ ಅದು ಹೊರಗೆ ಬರದಿದ್ದರೆ, ಮಾಸ್ತಮ್ಮ ಏಳು ಬೇಸಿಗೆ ಕಷ್ಟಪಟ್ಟು ಕಟ್ಟಿದ ಮೀನಿನ ಮನೆಗಳನ್ನೆಲ್ಲ ದಡದವರು ಕಿತ್ತು ಹಾಕುತ್ತಾರೆ. ಹಾಗೆಂದು ಎಲ್ಲರ ಎದುರು ಮಾತಾಗಿದೆ. ಆಗಲಿ ಎಂದು ಒಪ್ಪಿದವರು ಮಾಸ್ತಮ್ಮನೇ.

ಸಾಗರದಿಂದ ಹೊಳೆಬಾಗಿಲಿಗೆ ಹೋಗುವ ರಸ್ತೆಯಲ್ಲಿ ಎಡಕ್ಕೆ ತಿರುಗಿ, ಮಣ್ಣು ದಾರಿಯಲ್ಲಿ ಎರಡು ಮೈಲಿ ಇಳಿದರೆ ನೆಲ್ಲಿಗೋಡ್ಲು ದಡ ಸಿಗುತ್ತದೆ. ಹದಿನಾಲ್ಕು ಮನೆ, ಹನ್ನೊಂದು ತೆಪ್ಪ. ಗಂಡಸರು ಬಲೆ ಬಿಡುತ್ತಾರೆ, ಹೆಂಗಸರು ಕೂಲಿಗೆ ಹೋಗುತ್ತಾರೆ. ಮಾಸ್ತಮ್ಮನಿಗೆ ಈಗ ಐವತ್ತಾರು. ತವರು ಹೊಸನಗರದ ಕಡೆ. ಓದಿದ್ದು ಮೂರನೇ ಕ್ಲಾಸು. ಮದುವೆಯಾಗಿ ಬಂದ ವರ್ಷದಿಂದ ಗಾರೆ ಕೆಲಸದಲ್ಲಿ ಕೈಯಾಳು. ಸಿಮೆಂಟು ಕಲಸಿ ಕೊಡುವುದು, ಇಟ್ಟಿಗೆ ಹೊರುವುದು, ಕ್ಯೂರಿಂಗಿಗೆ ನೀರು ಹಾಕುವುದು. ಎಂಟೂವರೆಗೆ ಮೇಸ್ತ್ರಿಯ ಪಿಕಪ್ ಬರುತ್ತದೆ, ಸಂಜೆ ಆರಕ್ಕೆ ಬಿಟ್ಟು ಹೋಗುತ್ತದೆ. ಮೀನಿನ ಮನೆ ಕಟ್ಟುವ ಕೆಲಸವೆಲ್ಲ ಬೆಳಗಿನ ಐದರಿಂದ ಎಂಟರ ಒಳಗೆ. ಅದೂ ಮಾರ್ಚ್ ಕೊನೆಯಿಂದ ಮೇ ಕೊನೆಯ ತನಕ, ನೀರು ಹಿಂದೆ ಸರಿದು ತಳ ಬತ್ತಲಾದಾಗ ಮಾತ್ರ.

ಸಮುದ್ರದಲ್ಲಿ ಹಳೆಯ ಕಾಂಕ್ರೀಟು, ಒಡೆದ ಕೊಳವೆ, ಕೆಟ್ಟ ದೋಣಿ ಇಂಥದ್ದನ್ನೆಲ್ಲ ಮುಳುಗಿಸಿ ಮೀನಿಗೆ ಆಸರೆ ಮಾಡುವುದು ಈಗ ಪತ್ರಿಕೆಯಲ್ಲಿ ಓದುವ ಸಂಗತಿ. ಕೃತಕ ಬಂಡೆ ಎನ್ನುತ್ತಾರೆ. ಅದಕ್ಕೆ ಹಡಗು ಬೇಕು, ಕ್ರೇನು ಬೇಕು, ಮುಳುಗುವವರು ಬೇಕು. ನೆಲ್ಲಿಗೋಡ್ಲು ದಡದಲ್ಲಿ ಅದೇ ಕೆಲಸಕ್ಕೆ ಬೇಕಾದದ್ದು ತಲೆಯ ಮೇಲೊಂದು ಸಿಂಬೆ, ಕಾಲಲ್ಲಿ ಬಲ. ಬೇಸಿಗೆಯಲ್ಲಿ ನಡೆದು ಹೋಗಿ ಒಣ ನೆಲದ ಮೇಲೆ ಮನೆ ಕಟ್ಟಿ ಬಂದರೆ, ಮಳೆಗಾಲದಲ್ಲಿ ನೀರೇ ಬಂದು ಅದರ ಮೇಲೆ ಕೂರುತ್ತದೆ.

"ಸಮುದ್ರಕ್ಕೆ ಒಂದೇ ಸಲ ಹೋಗಿದ್ದು, ಮುರ್ಡೇಶ್ವರಕ್ಕೆ," ಎನ್ನುತ್ತಾರೆ ಮಾಸ್ತಮ್ಮ. "ಅಷ್ಟು ನೀರು. ಒಳಗೆ ಎಂತ ಇದೆ ಅಂತ ಯಾರಿಗೆ ಗೊತ್ತಾಗುತ್ತೆ? ನಮ್ಮ ನೀರು ಹಂಗಲ್ಲ. ವರ್ಷಕ್ಕೊಂದ್ಸಲ ಬಾಗ್ಲು ತೆಗ್ದು ತೋರ್ಸುತ್ತೆ. ನೀನು ಮಾಡಿದ್ದು ಸರಿಯಾ ತಪ್ಪಾ ಅಂತ ಅದೇ ಹೇಳುತ್ತೆ."

ಈ ತಳವನ್ನು ಮೊದಲಿಂದ ನೋಡಿದವರಿಗೆ ಒಂದು ವಿಷಯ ನೆನಪಿರುತ್ತದೆ. ಅಣೆಕಟ್ಟಿನ ನೀರು ನಿಂತ ಮೇಲೂ ಬಹಳ ವರ್ಷ ಮುಳುಗಿದ ಕಾಡಿನ ಬೊಡ್ಡೆಗಳು ನೀರೊಳಗೆ ಹಾಗೇ ನಿಂತಿದ್ದವು. ಆ ಬೊಡ್ಡೆಗಳ ಸಂದಿಯಲ್ಲಿ ಮೀನು ಮರಿ ಮಾಡುತ್ತಿತ್ತು. ಬೇಸಿಗೆ ಬಂದ ಹಾಗೆ ಜನ ಒಂದೊಂದಾಗಿ ಕಡಿದು ಒಲೆಗೆ ಒಯ್ದರು. ಒಯ್ದವರಲ್ಲಿ ಈ ದಡದವರೂ ಇದ್ದರು. ಕೊನೆಗೆ ಉಳಿದದ್ದು ಬರೀ ಹೂಳು. ನೀರು ಏರಿ ಇಳಿಯುವ ನೆಲದಲ್ಲಿ ಗಿಡ ನಿಲ್ಲುವುದಿಲ್ಲ. ಸಣ್ಣ ಮೀನಿಗೆ ಅಡಗಲು ಒಂದು ಕಲ್ಲೂ ಇಲ್ಲದ ಬಯಲಾಯಿತು ಅದು. ದೊಡ್ಡ ಮೀನಿಗೆ ಸಣ್ಣದನ್ನು ಹುಡುಕುವ ಕಷ್ಟವೂ ಇಲ್ಲ, ಎದುರಿಗೇ ಸಿಗುತ್ತದೆ. ವರ್ಷದಿಂದ ವರ್ಷಕ್ಕೆ ಬಲೆಗೆ ಬೀಳುವುದು ಕಡಿಮೆಯಾಯಿತು.

ಒಂಬತ್ತು ಬೇಸಿಗೆಯ ಹಿಂದೆ ಮಾಸ್ತಮ್ಮ ಸೌದೆ ಆರಿಸಲು ತಳಕ್ಕೆ ಇಳಿದಿದ್ದರು. ಹಳೆಯ ರಸ್ತೆಯ ಮೋರಿಯೊಂದು ಒಡೆದು ಬಿದ್ದಿತ್ತು. ಅದರ ಸಿಮೆಂಟು ಪೈಪಿನ ಒಳಗೆ ಒಂದು ಕೊಡದಷ್ಟು ನೀರು ನಿಂತಿತ್ತು. ಬಗ್ಗಿ ನೋಡಿದರೆ ಒಳಗೆ ಮೀನು, ಒಂದರ ಮೇಲೊಂದು.

"ಅಷ್ಟು ದೊಡ್ಡ ಬಯಲಲ್ಲಿ ಎಲ್ಲೂ ಇಲ್ಲ, ಆ ಪೈಪಲ್ಲಿ ಮಾತ್ರ. ಬಸ್ಸಲ್ಲಿ ನಿಂತಂಗೆ ನಿಂತಿದ್ವು. ನಾನು ದಿನಾ ಕೆಲಸದ ಜಾಗದಲ್ಲಿ ಒಡೆದ ಪೈಪು ಎತ್ತಿ ಗುಂಡಿಗೆ ಹಾಕ್ತೀನಿ. ಇದನ್ನ ಗುಂಡಿಗೆ ಯಾಕ್ ಹಾಕ್ಬೇಕು, ಇಲ್ಲಿಗೆ ತಂದ್ರೆ ಆಗಲ್ವಾ ಅಂತ ಅನ್ನಿಸ್ತು. ಅಷ್ಟೇ."

ಅಂದಿನಿಂದ ಮೇಸ್ತ್ರಿ ಬಿಸಾಡು ಎಂದದ್ದೆಲ್ಲ ಪಿಕಪ್ಪಿನ ಹಿಂದೆ ಕೂತು ನೆಲ್ಲಿಗೋಡ್ಲಿಗೆ ಬಂತು. ಬಿರುಕು ಬಿಟ್ಟ ಬಾವಿ ರಿಂಗು. ಗಾಳಿಗೆ ಮುರಿದ ಕರೆಂಟು ಕಂಬದ ತುಂಡು. ಹಳೆಯ ಮನೆ ಇಳಿಸಿದಾಗ ಸಿಕ್ಕ ಒಡಕು ಹಂಚು. ದಾರಿ ಬದಿಯಿಂದ ದಡಕ್ಕೆ, ದಡದಿಂದ ತಳಕ್ಕೆ ಹೊತ್ತದ್ದು ಅವರೇ. ಒಂದು ಹೊರೆಗೆ ಹದಿನೆಂಟು ಹಂಚು, ಒಂದು ಬೆಳಿಗ್ಗೆಗೆ ಏಳು ಹೊರೆ. ಕಂಬದ ತುಂಡಿಗೆ ಮಾತ್ರ ಹುಲಿಯಪ್ಪ ಹೆಗಲು ಕೊಡಬೇಕು. ಒಂದು ಮನೆಗೆ ಆರು ತುಂಡು, ಸೌದೆ ಒಟ್ಟಿದ ಹಾಗೆ ಅಡ್ಡ ಉದ್ದ ಜೋಡಿಸಿ, ನಡುವಿನ ಸಂದಿಯಲ್ಲಿ ಹಂಚು ಬೋರಲು ಹಾಕುವುದು. ಈಗ ಅಂಥ ಮನೆ ಇನ್ನೂರ ಹದಿಮೂರು.

ಮೊದಲ ವರ್ಷದ ಇಪ್ಪತ್ತು ಮನೆಯೂ ವ್ಯರ್ಥವಾಯಿತು. ಮಾಸ್ತಮ್ಮ ಎಲ್ಲಕ್ಕೂ ಬಾಗಿಲನ್ನು ಮೂಡಣಕ್ಕೆ ಇಟ್ಟಿದ್ದರು.

"ಮನೆ ಅಂದ್ಮೇಲೆ ಮತ್ತೆಲ್ಲಿಗೆ ಇಡೋದು ಹೇಳಿ? ನಾನು ಕೆಲಸ ಮಾಡಿದ ಅಷ್ಟೂ ಮನೆಗೆ ಬಾಗ್ಲು ಪೂರ್ವಕ್ಕೇ. ಮಾರ್ನೇ ಬೇಸಿಗೆ ಬಂದು ನೋಡ್ತೀನಿ, ಒಳಗೆ ಹೂಳು ತುಂಬಿ ಇಡ್ಲಿ ಪಾತ್ರೆ ಆಗಿತ್ತು. ಹಳ್ಳ ಬರೋದೇ ಮೂಡಣದಿಂದ. ಮೀನಿಗೆ ಯಾವ ವಾಸ್ತು!"

ಮರುವರ್ಷ ಬಾಗಿಲು ಪಡುವಣಕ್ಕೆ ತಿರುಗಿತು. ಮತ್ತೊಂದು ವರ್ಷ ಹುಲಿಯಪ್ಪ ಪಂಕ್ಚರ್ ಅಂಗಡಿಯಿಂದ ಹಳೆಯ ಟಯರು ತಂದು ಹಗ್ಗದಲ್ಲಿ ಕಟ್ಟಿ ಇಟ್ಟರು. ಹಗ್ಗ ಕೊಳೆಯಿತು. ಟಯರುಗಳು ಒಳಗೆ ಗಾಳಿ ಹಿಡಿದುಕೊಂಡು ಮೇಲೆದ್ದು ತೇಲುತ್ತ ಲಾಂಚಿನ ದಾರಿಗೆ ಹೋದವು. ಬೈಸಿಕೊಂಡು ವಾಪಸು ಎಳೆದು ತಂದದ್ದಾಯಿತು. ಟಯರಿನ ಸಹವಾಸ ಅಲ್ಲಿಗೆ ಮುಗಿಯಿತು.

ಮೂರನೇ ಬೇಸಿಗೆಗೆ ಫಲ ಕಂಡಿತು. ಹಂಚಿನ ಮೇಲೆ ಹಸಿರು ಪಾಚಿ. ಪಾಚಿ ತಿನ್ನುವ ಸಣ್ಣ ಬಸವನಹುಳು. ಕಂಬದ ತುಂಡಿನ ಮೈಗೆ ಅಂಟಿದ ಕಪ್ಪೆಚಿಪ್ಪು. ಸಂದಿಯಲ್ಲಿ ಕಡ್ಡಿಯಷ್ಟೇ ತೆಳ್ಳಗಿನ ಸಿಗಡಿ. ರಿಂಗಿನ ನೆರಳಲ್ಲಿ ಮುಗುಡು ಮತ್ತು ಹಾವುಮೀನು. ಕೊರವ ಮೀನು ಜೋಡಿ ಮನೆಯ ಬಾಗಿಲಲ್ಲೇ ಕಾವಲು ನಿಂತು ಕೆಂಪು ಉಂಡೆಯ ಹಾಗೆ ಒತ್ತಾಗಿ ತೇಲುವ ಮರಿಗಳನ್ನು ಕಾಯುತ್ತಿತ್ತು. ಮೊದಲು ಒಂದು ರಾತ್ರಿಯ ಬಲೆಗೆ ಮೂರು ಕಿಲೋ ಸಿಕ್ಕರೆ ಹೆಚ್ಚು ಎನ್ನುತ್ತಿದ್ದ ತೆಪ್ಪಗಳಿಗೆ ಐದು, ಆರು, ಕೆಲವು ದಿನ ಎಂಟು ಸಿಗಲು ಶುರುವಾಯಿತು. ಮನೆಗಳ ಮೇಲೆ ಯಾರೂ ಬಲೆ ಬಿಡಬಾರದು, ಇಪ್ಪತ್ತು ಮಾರು ದೂರ ಬಿಡಬೇಕು ಎಂದು ದಡದವರೇ ಮಾತಾಡಿಕೊಂಡರು. ತೀರ್ಥಹಳ್ಳಿ ಹತ್ತಿರ ಚಿಬ್ಬಲಗುಡ್ಡೆಯ ದೇವಸ್ಥಾನದ ಮೀನನ್ನು ಯಾರೂ ಮುಟ್ಟುವುದಿಲ್ಲವಲ್ಲ, ಹಾಗೆ. ಇಲ್ಲಿ ದೇವಸ್ಥಾನ ಇಲ್ಲ, ಮುರಿದ ಕಂಬ ಇದೆ.

ಆಮೇಲೆ ಬಂತು ಕಮೋಡು.

ಮೂರು ಬೇಸಿಗೆಯ ಹಿಂದಿನ ಮಾತು. ಒಂದು ಲಾಡ್ಜ್ ಕಟ್ಟುವ ಜಾಗದಲ್ಲಿ ಮಾಸ್ತಮ್ಮ ಕೆಲಸಕ್ಕಿದ್ದರು. ಸಾಮಾನು ತರುತ್ತಿದ್ದ ಲಾರಿ ತಿರುವಿನಲ್ಲಿ ಚರಂಡಿಗೆ ಇಳಿದು, ಒಳಗಿದ್ದ ಪಿಂಗಾಣಿ ಕಮೋಡುಗಳು ಬಿರುಕು ಬಿಟ್ಟವು. ಎಣಿಸಿದರೆ ಮೂವತ್ತೊಂದು. ಮಾಲೀಕರು ಎಲ್ಲಾದರೂ ಬಿಸಾಕಿ ಎಂದರು. ಮಾಸ್ತಮ್ಮ ಒಂದನ್ನು ತಿರುಗಿಸಿ ನೋಡಿದರು. ಒಳಗೆ ಬಳುಕಿದ ದಾರಿ, ನುಣ್ಣನೆಯ ಗೋಡೆ, ಹಿಂದೊಂದು ಬಾಯಿ, ಮುಂದೊಂದು ಬಾಯಿ. ಅವರ ಕಣ್ಣಿಗೆ ಅದು ಕಮೋಡಿನ ಹಾಗೆ ಕಾಣಲೇ ಇಲ್ಲ.

"ಹೊಸದು ಕಣ್ರೀ. ಕವರು ಬಿಚ್ಚಿಲ್ಲ. ಒಬ್ರೂ ಅದ್ರ ಮೇಲೆ ಕೂತಿಲ್ಲ. ಮುಗುಡಿಗೆ ಇದಕ್ಕಿಂತ ಒಳ್ಳೆ ಮನೆ ಎಲ್ಲಿ ಸಿಗುತ್ತೆ ಅಂದ್ಕೊಂಡೆ. ಸಿಗ್ಲೂ ಇಲ್ಲ. ಆ ವರ್ಷ ಮುಗುಡು ಆದಂಗೆ ಯಾವತ್ತೂ ಆಗಿಲ್ಲ."

ಮರುವರ್ಷ ಮೇ ತಿಂಗಳಲ್ಲಿ ನೀರು ಇಳಿಯಿತು. ಆಗಿನ್ನೂ ಸೇತುವೆ ಆಗಿರಲಿಲ್ಲ, ಹೊಳೆಬಾಗಿಲಿನಲ್ಲಿ ಆಚೆ ದಡಕ್ಕೆ ದಾಟಿಸುವ ಲಾಂಚಿಗೆ ಕಾಯುವ ಕಾರುಗಳ ಸಾಲು ಇರುತ್ತಿತ್ತು. ಕಾದು ಬೇಸತ್ತ ಯಾರೋ ಪ್ರವಾಸಿಗರು ನೆಲ್ಲಿಗೋಡ್ಲು ಕಡೆ ಅಡ್ಡಾಡಲು ಬಂದರು. ಬಿರಿದ ಹೂಳಿನ ಬಯಲಲ್ಲಿ ಸಾಲಾಗಿ ಹೊಳೆಯುವ ಬಿಳಿ ಕಮೋಡುಗಳು ಕಂಡವು. ಫೋಟೊ ತೆಗೆದರು. 'ಹಿನ್ನೀರಿನ ಮೀನು ತಿನ್ನುವವರೇ, ನೋಡಿ' ಎಂದು ಬರೆದು ಬಿಟ್ಟರು. ಎರಡು ದಿನದಲ್ಲಿ ಅದು ಸಾಗರದ ಎಲ್ಲರ ಫೋನಿಗೂ ಹೋಗಿತ್ತು.

ಸರೋಜ ಸಾಗರದ ಮೀನು ಮಾರ್ಕೆಟಿನಲ್ಲಿ ಇಪ್ಪತ್ತೆರಡು ವರ್ಷದಿಂದ ವ್ಯಾಪಾರ ಮಾಡುವವರು. ದಿನಾ ಬೆಳಿಗ್ಗೆ ಬಾಡಿಗೆ ಆಟೋದಲ್ಲಿ ದಡಕ್ಕೆ ಬಂದು ಹನ್ನೊಂದು ತೆಪ್ಪದ ಮೀನನ್ನೂ ಕೊಳ್ಳುವವರು ಅವರೇ. ಆ ದಿನ ಮಧ್ಯಾಹ್ನ ಎರಡಕ್ಕೆ ಅದೇ ಆಟೋದಲ್ಲಿ ವಾಪಸು ಬಂದರು. ಇಪ್ಪತ್ತೆರಡು ವರ್ಷದಲ್ಲಿ ಬುಟ್ಟಿ ತುಂಬಿಕೊಂಡೇ ವಾಪಸು ಬಂದದ್ದು ಅದು ಮೊದಲ ಸಲ. ಭಾನುವಾರವಾದ್ದರಿಂದ ಮಾಸ್ತಮ್ಮ ಮನೆಯಲ್ಲೇ ಇದ್ದರು. ಸರೋಜ ಅಂಗಳಕ್ಕೆ ಬಂದು ಎರಡೂ ಬುಟ್ಟಿಯನ್ನು ಬೋರಲು ಹಾಕಿದರು.

"ತಗೋ ಮಾರಾಯ್ತಿ, ನೀನೇ ತಿನ್ನು. ಸಾಗರದಲ್ಲಿ ನನ್ನ ಹೆಸ್ರು ಎಂತ ಆಗಿದೆ ಗೊತ್ತಾ? ಕಕ್ಕಸು ಸರೋಜ!"

"ಸರೋಜಕ್ಕ, ಅದು ಹೊಸದು..."

"ಹೊಸದೋ ಹಳೇದೋ ಗಿರಾಕಿಗೆ ತೋರ್ಸಕ್ಕೆ ಬಿಲ್ಲು ಇಟ್ಕೊಂಡಿದ್ದೀಯಾ? ಗಿರಾಕಿ ಹೆಂಗಸೊಬ್ಳು ಎಂತ ಕೇಳಿದ್ಲು ಅಂತ ಹೇಳ್ಲಾ? ಫ್ಲಶ್ ಮಾಡಿ ತಂದಿದೀರಾ ಅಂದ್ಲು. ಮಾರ್ಕೆಟ್ ತುಂಬ ನಕ್ಕಿದ್ದು ನಕ್ಕಿದ್ದೇ."

ಹುಲಿಯಪ್ಪನಿಗೂ ನಗು ಬಂತಂತೆ. ಹೆಂಡತಿಯ ಮುಖ ನೋಡಿ ನುಂಗಿಕೊಂಡರು.

ಮಾರನೆಯ ದಿನ ದಡದ ಮಾವಿನ ಮರದ ಕೆಳಗೆ ಎಲ್ಲರೂ ಸೇರಿದರು. ದಡದ ಹಿರಿಯ ನಿಂಗಪ್ಪ ಬಲೆಯ ತಂಟೆ ತಕರಾರು ಬಂದರೆ ಕೊನೆಯ ಮಾತು ಹೇಳುವವರು. ಅವರು ಮಾಸ್ತಮ್ಮನನ್ನು ಬಯ್ಯಲಿಲ್ಲ. "ನೀನು ಒಳ್ಳೇದಕ್ಕೇ ಮಾಡಿದೀಯ, ಇಲ್ಲ ಅನ್ನಲ್ಲ. ಆದ್ರೆ ಹನ್ನೊಂದು ಒಲೆ ಆರುತ್ತೆ. ಒಂದೂ ಬಿಡದೆ ತೆಗಿ. ತೆಗೆದ್ರೆ ಹಂಚಿನ ಮನೆ ಇರ್ಲಿ. ಒಂದೇ ಒಂದು ಉಳಿದ್ರೂ ಎಲ್ಲಾ ಕಿತ್ತು ದಡಕ್ಕೆ ಹಾಕದೆ ಬೇರೆ ದಾರಿ ಇಲ್ಲ. ಆಮೇಲೆ ಯಾರಿಗಾದ್ರೂ ಬನ್ನಿ ನೋಡಿ ಅಂತ ಹೇಳ್ಬಹುದು."

ಹನ್ನೆರಡು ಬೆಳಿಗ್ಗೆಯಲ್ಲಿ ಮಾಸ್ತಮ್ಮ ಮೂವತ್ತು ಕಮೋಡುಗಳನ್ನು ಹೊತ್ತು ಮೇಲೆ ತಂದರು. ಮೂವತ್ತೊಂದನೆಯದು ಹಳ್ಳದ ಹಳೆಯ ಪಾತ್ರದ ಪಕ್ಕ, ಎಲ್ಲಕ್ಕಿಂತ ಆಳದಲ್ಲಿತ್ತು. ಆ ವರ್ಷ ನೀರು ಅಷ್ಟು ಕೆಳಗೆ ಇಳಿಯಲೇ ಇಲ್ಲ. ಮಳೆ ಬಂತು.

ಅಲ್ಲಿಗೆ ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಿಂಗಪ್ಪ ಮರದ ಕೆಳಗೆ ಎಲ್ಲರನ್ನೂ ಕೂರಿಸಿ, ಮುಗೀತಲ್ಲ ಎಂದು ಕೇಳಿದರು. ಹುಲಿಯಪ್ಪ ಹೂಂ ಎಂದರು. ಮಾಸ್ತಮ್ಮ ಎದ್ದು ನಿಂತು, ಮೂವತ್ತು ಬಂತು, ಇನ್ನೂ ಒಂದಿದೆ ಎಂದರು.

"ಆವತ್ತು ಮನೆಗೆ ಬಂದು ಇವ್ಳ ಹತ್ರ ಜಗಳ ಆಡ್ದೆ," ಎನ್ನುತ್ತಾರೆ ಹುಲಿಯಪ್ಪ. "ಯಾರು ಎಣ್ಸಿದ್ರು ಮಾರಾಯ್ತಿ ಅಂದೆ. ನಾನು ಎಣ್ಸಿದ್ನಲ್ಲ ಅಂದ್ಲು."

ದಡದವರು ಎರಡು ಬೇಸಿಗೆಯ ಗಡುವು ಕೊಟ್ಟರು. ಅಲ್ಲಿಯ ತನಕ ಹೊಸ ಮನೆ ಒಂದನ್ನೂ ಕಟ್ಟುವಂತಿಲ್ಲ. ಮಾಸ್ತಮ್ಮ ಒಂದು ಹಂಚನ್ನೂ ತಳಕ್ಕೆ ಒಯ್ಯಲಿಲ್ಲ. ಕಳೆದ ಬೇಸಿಗೆಯಲ್ಲೂ ಹಳ್ಳದ ಪಾತ್ರದ ಮೇಲೆ ಎರಡಾಳು ನೀರಿತ್ತು. ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿಯನ್ನು ಹಗ್ಗಕ್ಕೆ ಕಟ್ಟಿ ತೆಪ್ಪದಿಂದ ಇಳಿಬಿಟ್ಟು ನೋಡಿದರು. ಅದರ ಕೊಕ್ಕೆ ಕಂಬದ ತುಂಡಿಗೆ ಸಿಕ್ಕಿಕೊಂಡಿತು, ಹಗ್ಗ ಹರಿಯಿತು. ಆರು ಕಂಬದ ಅಡಿಯಲ್ಲಿ ಭದ್ರವಾಗಿ ಕೂರಿಸಿದ್ದು ತಾನೇ ಎಂದು ಮಾಸ್ತಮ್ಮ ತಲೆ ಚಚ್ಚಿಕೊಂಡರಂತೆ. "ಎಲ್ಲದಕ್ಕಿಂತ ಚೆನ್ನಾಗಿ ಕಟ್ಟಿದ ಮನೆ ಅದೊಂದೇ. ಅದೇ ನನಗೆ ಮುಳುವಾಯ್ತು."

ಮೇಲೆ ತಂದ ಮೂವತ್ತನ್ನು ಅವರು ಸುತ್ತಿಗೆಯಿಂದ ಪುಡಿ ಮಾಡಿ, ಜಲ್ಲಿಯ ಬದಲು ಕಾಂಕ್ರೀಟಿಗೆ ಕಲಸಿ, ದಡದಿಂದ ತೆಪ್ಪಕ್ಕೆ ಇಳಿಯುವ ಕಡೆ ನಾಲ್ಕು ಮೆಟ್ಟಿಲು ಕಟ್ಟಿದ್ದಾರೆ. ಮೊದಲು ಅಲ್ಲಿ ಕೆಸರಿನಲ್ಲಿ ಕಾಲು ಹೂತು ಹೋಗುತ್ತಿತ್ತು. ಈಗ ಬೆಳಿಗ್ಗೆ ಮೀನು ಬೇರ್ಪಡಿಸುವುದು ಆ ಮೆಟ್ಟಿಲಿನ ಮೇಲೆಯೇ. ನಿಂಗಪ್ಪ ದಿನಾ ಬೀಡಿ ಹಚ್ಚಿಕೊಂಡು ಕೂರುವುದೂ ಅಲ್ಲಿಯೇ. ಒಂದು ದಿನ ಮಾಸ್ತಮ್ಮ ಹೇಳಿದರಂತೆ, "ನಿಂಗಣ್ಣ, ಅಷ್ಟೂ ಕಮೋಡಿನ ಮೇಲೆ ಮೊದ್ಲು ಕೂತವ್ರು ನೀವೇ ನೋಡಿ." ನಿಂಗಪ್ಪ ಗಕ್ಕನೆ ಎದ್ದರು. ಆಮೇಲೆ ಸುತ್ತ ನೋಡಿ ಮತ್ತೆ ಕೂತರು. ಕೂರಲು ಬೇರೆ ಜಾಗ ಇರಲಿಲ್ಲ.

ಸರೋಜ ಮೀನು ಕೊಳ್ಳುವುದನ್ನು ಬಿಡಲಿಲ್ಲ. ಬಿಟ್ಟರೆ ಅವರಿಗೂ ಬದುಕಿಲ್ಲ. ಆದರೆ ಮಾರ್ಕೆಟಿನಲ್ಲಿ ಎಲ್ಲಿಯ ಮೀನು ಎಂದು ಕೇಳಿದರೆ ಹೊಸನಗರದ ಕಡೆಯದು ಎನ್ನುತ್ತಾರೆ. ಎರಡು ವರ್ಷದಿಂದ ಅದೇ ಉತ್ತರ. ಗುರುತು ಹಿಡಿದವರು ಮುಂದೆ ಹೋಗುತ್ತಾರೆ. ಗಿರಾಕಿ ಅರ್ಧಕ್ಕೆ ಇಳಿದಿದೆ. ದಡದಲ್ಲಿ ಈಗ ಮೀನು ಇದೆ, ಊರಿನ ಹೆಸರಿಲ್ಲ.

ಆರು ದಿನದ ಲೆಕ್ಕದಲ್ಲಿ ಎರಡನೆಯ ದಿನ ನೀರು ಮೂರೂವರೆ ಬೆರಳು ಇಳಿಯುತ್ತದೆ. ಮೂರನೆಯ ದಿನ ಬರೀ ಮೂರು. ಹವೆ ತಂಪಾಗಿದೆ, ಪೇಟೆಯಲ್ಲಿ ಫ್ಯಾನು ಕಡಿಮೆ ಆಗಿರಬೇಕು. ಆ ರಾತ್ರಿ ಹೊಸನಗರದ ಕಡೆಯಿಂದ ಗುಡುಗು ಕೇಳುತ್ತದೆ. ನಾಲ್ಕನೆಯ ದಿನ ಬೆಳಿಗ್ಗೆ ಮಾಸ್ತಮ್ಮ ಗಳ ಊರುವುದಿಲ್ಲ. ತೊಡೆಯ ಮಟ್ಟದ ನೀರಿನಲ್ಲಿ ನಿಂತು ಹಳ್ಳದ ಕಡೆ ನೋಡುತ್ತಾರೆ. ಹಳ್ಳದ ಬಾಯಲ್ಲಿ ಕೆಂಪು ನೀರಿನ ಸಣ್ಣ ಎಳೆ ಕಾಣುತ್ತದೆ.

"ಇವತ್ತೇ," ಎನ್ನುತ್ತಾರೆ.

"ನೀರು ಇನ್ನೂ ತೊಡೆ ಮಟ್ಟ ಇದೆಯಲ್ಲೆ. ಕಂಬ ಎತ್ತಕ್ಕಾಗುತ್ತಾ?" ಹುಲಿಯಪ್ಪನ ಪ್ರಶ್ನೆ.

"ನಾಳೆ ತಳ ಕಾಣಲ್ಲ. ಬನ್ನಿ ಮೊದ್ಲು."

ನಿಂಗಪ್ಪ ಮೆಟ್ಟಿಲಿನ ಮೇಲೆ ಬೀಡಿ ಆರಿಸಿ ಎದ್ದು ನಿಲ್ಲುತ್ತಾರೆ, ಇಳಿಯುವುದಿಲ್ಲ. ಸರೋಜ ಮೀನು ತೂಗಿಸುತ್ತಿದ್ದವರು ತಕ್ಕಡಿ ಕೆಳಗಿಡುತ್ತಾರೆ. ಗಂಡ ಹೆಂಡತಿ ಇಬ್ಬರೂ ನೀರಲ್ಲಿ ಬಗ್ಗಿ ತಡಕಿ ಮೊದಲ ಕಂಬದ ತುಂಡನ್ನು ಎತ್ತುತ್ತಾರೆ. ಎರಡನೆಯದು. ಮೂರನೆಯದಕ್ಕೆ ಹುಲಿಯಪ್ಪನ ಕಾಲು ಜಾರಿ ಅವರು ಕುತ್ತಿಗೆಯ ತನಕ ಮುಳುಗಿ ಏಳುತ್ತಾರೆ. ಮಾಸ್ತಮ್ಮನ ಸಿಂಬೆ ನೀರಲ್ಲಿ ತೇಲಿ ಹೋಗುತ್ತದೆ. ನಿಂಗಪ್ಪ ಏನೋ ಗೊಣಗಿ, ಪಂಚೆ ಮಡಚಿ, ಇಳಿದು ಬಂದು ನಾಲ್ಕನೆಯದಕ್ಕೆ ಕೈ ಹಚ್ಚುತ್ತಾರೆ. ಐದು, ಆರು. ಕಂಬಗಳು ಮುಗಿದವು. ಈಗ ಕಮೋಡು ಕೈಗೆ ಸಿಗುತ್ತದೆ, ಆದರೆ ಹೂಳು ಕಚ್ಚಿ ಹಿಡಿದಿದೆ. ಮೂವರು ಎಳೆದರೂ ಅಲ್ಲಾಡುವುದಿಲ್ಲ.

"ಸರ್ಕೊಳ್ಳಿ ನಿಂಗಣ್ಣ," ಎಂದು ಸರೋಜ ಸೆರಗು ಸಿಕ್ಕಿಸಿಕೊಂಡು ನೀರಿಗೆ ಇಳಿದು ಬರುತ್ತಾರೆ. "ಮೂರು ಜನ ಒಂದೇ ಕಡೆ ಎಳೆದ್ರೆ ಬರುತ್ತಾ? ಹಿಂದಿಂದ ಒತ್ತಬೇಕು. ಮಾಸ್ತಮ್ಮ, ನೀನು ಆ ಬಾಯಿ ಹಿಡಿ."

ಸರೋಜ ಭುಜ ಕೊಟ್ಟು ಒತ್ತುತ್ತಾರೆ. ಅಡಿಯಲ್ಲಿ ಬುಳಕ್ ಎಂದು ಸದ್ದಾಗುತ್ತದೆ. ಕಮೋಡು ಹೂಳು ಬಿಟ್ಟು ಏಳುತ್ತದೆ. ಹೊಳಪೆಲ್ಲ ಹೋಗಿ ಹಸಿರು ಬಣ್ಣಕ್ಕೆ ತಿರುಗಿದೆ, ಅಂಚಿನ ಸುತ್ತ ಕಪ್ಪೆಚಿಪ್ಪು ಕಟ್ಟಿದೆ. ದಡದ ಹತ್ತಿರ ತಂದು ವಾಲಿಸಿದಾಗ ಎರಡು ಮುಗುಡು ನುಣುಚಿ ನೀರಿಗೆ ಹೋಗುತ್ತವೆ. ಕೊನೆಗೆ ಒಂದು ಏಡಿ ಹೊರಗೆ ಬಂದು ಕೈಯೆತ್ತಿ ನಿಲ್ಲುತ್ತದೆ. ಹೊಟ್ಟೆಯ ಅಡಿಯಲ್ಲಿ ಸಾಸಿವೆ ಅಂಟಿಸಿದ ಹಾಗೆ ಮರಿಗಳು.

"ಸಾರಿಗಾಗುತ್ತೆ," ಎನ್ನುತ್ತಾರೆ ಹುಲಿಯಪ್ಪ.

"ಮರಿ ಇದೆ, ಬಿಡು ಅತ್ಲಾಗೆ," ಎನ್ನುತ್ತಾರೆ ಸರೋಜ.

ಮಾಸ್ತಮ್ಮ ಅದನ್ನು ಒಂದು ಹಂಚಿನ ಮೇಲೆ ಹತ್ತಿಸಿಕೊಂಡು ಹೋಗಿ ಪಕ್ಕದ ಮನೆಯ ಬಾಗಿಲಲ್ಲಿ ಇಳಿಸುತ್ತಾರೆ. ಅದು ಒಳಗೆ ಹೋಗುವ ತನಕ ನಿಂತು ನೋಡಿ ವಾಪಸು ಬರುತ್ತಾರೆ. ನಿಂಗಪ್ಪನ ಎದುರು ನಿಂತು, "ಮೂವತ್ತೊಂದು," ಎನ್ನುತ್ತಾರೆ.

"ಆಯ್ತು," ಎನ್ನುತ್ತಾರೆ ನಿಂಗಪ್ಪ. ಪಂಚೆಯ ಅಂಚು ಹಿಂಡುತ್ತ, "ಇದನ್ನ ಮೆಟ್ಟಿಲಿಗೆ ಹಾಕ್ಬೇಡ ಮಾರಾಯ್ತಿ, ಇರೋ ಮೆಟ್ಲೇ ಸಾಕು," ಎಂದು ಸೇರಿಸುತ್ತಾರೆ.

ಎಂಟೂವರೆಗೆ ಪಿಕಪ್ ಬರುತ್ತದೆ. ಮಾಸ್ತಮ್ಮ ಒದ್ದೆ ಸೀರೆ ಬದಲಿಸಿ ಬುತ್ತಿ ಹಿಡಿದು ಮೆಟ್ಟಿಲಿನ ಮೇಲೆ ಕೂತಿದ್ದಾರೆ. ಕೈಯಲ್ಲಿ ಪಿಂಗಾಣಿಯ ಅಂಚು ಕೊರೆದ ಗಾಯ. ಅದಕ್ಕೆ ಅರಿಸಿನ ಒತ್ತಿಕೊಂಡಿದ್ದಾರೆ. ಇನ್ನು ಮುಂದೆ ಏನು ಎಂದು ಕೇಳಿದರೆ ಬಹಳ ಯೋಚನೆ ಮಾಡುವುದಿಲ್ಲ.

"ಹಂಚು ತರ್ಬೇಕು. ಎರಡು ವರ್ಷ ಆಯ್ತು ಹೊರದೆ. ಮೇಸ್ತ್ರಿ ಹತ್ರ ಒಂದು ಇಳಿಸಿದ ಮನೆ ಹಂಚು ಇದೆ, ಬೇಡ ಅಂದಿದ್ದೆ, ಇವತ್ತು ಕೇಳ್ತೀನಿ. ಮಳೆ ಬರೋದ್ರೊಳಗೆ ಒಂದು ಮನೆ ಆದ್ರೂ ಆಯ್ತು." ಆಮೇಲೆ ನೀರಿನ ಕಡೆ ನೋಡುತ್ತಾರೆ. "ದೊಡ್ಡ ಆಸೆ ಎಂತ ಇಲ್ಲ. ಸಾಗರದಲ್ಲಿ ಎಲ್ಲಿ ಮೀನು ಅಂತ ಕೇಳಿದ್ರೆ ಸರೋಜಕ್ಕ ನಮ್ಮೂರ ಹೆಸ್ರು ಹೇಳ್ಬೇಕು. ಅದು ನಾನು ಕಳೆದ ಹೆಸ್ರು. ನಾನೇ ತಂದು ಕೊಡ್ಬೇಕಲ್ಲ."

ಮರುದಿನ ಬೆಳಿಗ್ಗೆ ಸಾಗರದಲ್ಲಿ ಹನಿ ಮಳೆ. ಮಾರ್ಕೆಟಿನ ತಗಡಿನ ಮಾಡಿನ ಕೆಳಗೆ ಸರೋಜ ಬುಟ್ಟಿ ಬಿಚ್ಚಿದ್ದಾರೆ. ನಾಲ್ಕು ಮುಗುಡು, ಎರಡು ಕಾಟ್ಲಾ, ಒಂದು ರಾಶಿ ಜಿಲೇಬಿ ಮೀನು. ಕೊಡೆ ಮಡಚಿದ ಒಬ್ಬರು ಬಂದು ಮುಗುಡಿನ ಕಿವಿರು ಎತ್ತಿ ನೋಡಿ, ಎಲ್ಲಿಯದು ಎಂದು ಕೇಳುತ್ತಾರೆ.

"ನೆಲ್ಲಿಗೋಡ್ಲು," ಎನ್ನುತ್ತಾರೆ ಸರೋಜ.

ಅವರು ಕೈ ಹಿಂದೆ ತೆಗೆಯುತ್ತಾರೆ. "ಅದೇ ಆ ಫೋಟೊದಲ್ಲಿ ಬಂದಿತ್ತಲ್ಲ, ಕಮೋಡಿಂದು?"

"ಮೂವತ್ತೊಂದು ಇತ್ತು, ಮೂವತ್ತೊಂದೂ ಹೊರಗೆ ಬಂತು. ಕೊನೇದನ್ನ ನಿನ್ನೆ ಎತ್ತಿದ್ದು ನಾನೇ. ತಗೋತೀರೋ, ಮುಂದೆ ಹೋಗ್ತೀರೋ? ಹಿಂದೆ ಜನ ಇದಾರೆ."

ಹಿಂದೆ ಯಾರೂ ಇರಲಿಲ್ಲ. ಅವರು ಎರಡು ಮುಗುಡು ತೂಗಲು ಹೇಳುತ್ತಾರೆ.